ಪುಷ್ಪಕದ ಬೆಲೆ

ಪುಷ್ಪಕ ವಿಮಾನ ಯಾರದೆಂದು ಕೇಳಿದರೆ ಮಕ್ಕಳು ಥಟ್ಟನೆ ರಾವಣನದೆನ್ನುತ್ತಾರೆ. ರಾವಣನು ಅದನ್ನು ಕಸಿದುಕೊಂಡವನು ಮಾತ್ರ. ನಿಜವಾದ ಒಡೆಯ ಸಿರಿಯ ಅಧಿದೇವತೆಯಾದ ಕುಬೇರ. ಶ್ರೀರಾಮನೂ ಅದನ್ನೇರಿ ಅಯೋಧ್ಯೆಗೆ ಬಂದು, ಇಳಿದ ಮೇಲೆ ಕುಬೇರನಿಗೇ ಹಿಂದಕ್ಕೆ ಕಳುಹಿಸಿದನು. ಆಕಾಶಸಂಚಾರ ಹಣವಂತರ ಪಾಲಿನದೆಂಬುದನ್ನು ಆದಿಕವಿ ಅಂದೇ ಬಲ್ಲವನಾಗಿದ್ದನೋ ಏನೋ!

ಈ ಮಾತು ನೆನಪಾದದ್ದು ನಮ್ಮ ಶಾಲೆಯ ಹುಡುಗನೊಬ್ಬನಿಂದ. ಸಂಧಿಯ ಪಾಠ ನಡೆದಿದ್ದಾಗ ಮೇಲೆ ಸಣ್ಣ ವಿಮಾನವೊಂದು ಹಾದುಹೋಯಿತು. ಪದವನ್ನು ಬಿಡಿಸಬೇಕಾಗಿದ್ದ ಹುಡುಗ ಕಿಟಕಿಯ ಕಡೆ ತಿರುಗಿ, “ಅದನ್ನ ನಡೆಸೋದು ಕಲಿಯೋಕೆ ಎಷ್ಟು ದುಡ್ಡು ಬೇಕು, ಸಾರ್?” ಎಂದನು. ಅವನ ತಂದೆ ಸಂತೆಯಲ್ಲಿ ತೆಂಗಿನಕಾಯಿ ಮಾರುವವರು. ಆಗ ನನಗೆ ಉತ್ತರ ಹೊಳೆಯಲಿಲ್ಲ. ಅದನ್ನು ಹುಡುಕುತ್ತ ಹೋದಾಗ ಚರಿತ್ರೆಯಲ್ಲಿ ದೊರೆತ ಸಂಗತಿಗಳನ್ನು ಈಗ ತಮ್ಮ ಮುಂದಿಡುತ್ತೇನೆ.

1918ರಲ್ಲಿ ಒಂದನೆಯ ಮಹಾಯುದ್ಧ ಮುಗಿದಾಗ ವಿಮಾನವೆಂದರೆ ಸೈನ್ಯದ ಇಲ್ಲವೆ ಸಿರಿವಂತರ ವಸ್ತು. ಇಂಗ್ಲೆಂಡಿನ ಜೆಫ್ರಿ ಡಿ ಹ್ಯಾವಿಲೆಂಡ್ ಎಂಬ ಎಂಜಿನಿಯರು ಸಾಮಾನ್ಯರಿಗೂ ಎಟುಕುವ ವಿಮಾನವನ್ನು ಮಾಡಲು ಹೊರಟರು. ಅದಕ್ಕೆ ಬೇಕಾದ ಅಗ್ಗದ ಎಂಜಿನನ್ನು ಹಾಲ್‌ಫರ್ಡ್ ಎಂಬುವರು ಒದಗಿಸಿದರು. ಯುದ್ಧದಲ್ಲಿ ಮಿಕ್ಕುಳಿದ ಎಂಟು ಸಿಲಿಂಡರಿನ ಎಂಜಿನಿನ ಅರ್ಧ ಭಾಗವನ್ನು ಬಳಸಿ ಅವರು ಕಟ್ಟಿದ್ದು 60 ಅಶ್ವಶಕ್ತಿಯ ಎಂಜಿನು. ಹೀಗೆ 1925ರ ಫೆಬ್ರವರಿಯಲ್ಲಿ ‘ಮಾತ್’ ಮೇಲೇರಿತು. ಮಾತ್ ಎಂದರೆ ಪತಂಗ. ಮರದ ಮೈ, ಬಟ್ಟೆ ಹೊದಿಸಿದ ರೆಕ್ಕೆ. ಆ ರೆಕ್ಕೆಗಳನ್ನು ಹಿಂದಕ್ಕೆ ಮಡಿಸಿ ಕೊಟ್ಟಿಗೆಯಲ್ಲಿ ನಿಲ್ಲಿಸಬಹುದಾಗಿತ್ತು. ಕೆಲವು ವರ್ಷಗಳಲ್ಲಿ ಇದರ ‘ಜಿಪ್ಸಿ ಮಾತ್’ ಎಂಬ ಸುಧಾರಿತ ಮಾದರಿ ಸುಮಾರು 650 ಪೌಂಡಿಗೆ ದೊರೆಯತೊಡಗಿತು.

ಆದರೆ ಆನೆಯನ್ನು ಕೊಳ್ಳುವುದಕ್ಕಿಂತ ಅದಕ್ಕೆ ಮೇವು ಹಾಕುವುದೇ ಕಷ್ಟ. ಪೆಟ್ರೋಲು, ಎಣ್ಣೆ, ದುರಸ್ತಿ, ವಿಮೆ, ಕಲಿಸುವವರ ಸಂಬಳ ಇವೆಲ್ಲವೂ ಹಾರಾಟದ ಗಂಟೆಯ ಲೆಕ್ಕಕ್ಕೆ ಸೇರುತ್ತವೆ. ಆದುದರಿಂದ ಅಲ್ಲಿನ ಸರ್ಕಾರ 1925ರಿಂದ ಹಾರಾಟದ ಸಂಘಗಳಿಗೆ ಸಹಾಯಧನ ಕೊಡತೊಡಗಿತು. ಒಂದು ವಿಮಾನದಲ್ಲಿ ಹಲವರು ಕಲಿತರು. ಖರ್ಚು ಹಲವರ ಮೇಲೆ ಹಂಚಿಹೋಯಿತು.

ಲಂಡನ್ನಿನ ಅಂಥ ಸಂಘವೊಂದಕ್ಕೆ 1928ರಲ್ಲಿ ಏಮಿ ಜಾನ್ಸನ್ ಎಂಬ ತರುಣಿ ಸೇರಿದಳು. ವಕೀಲರ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಆಕೆಯ ಕೆಲಸ. ಒಬ್ಬಳೇ ಹಾರಲು ಅಪ್ಪಣೆ ದೊರೆಯುವ ಮುನ್ನ ಸುಮಾರು 16 ಗಂಟೆಗಳ ಶಿಕ್ಷಣ ಬೇಕಾಯಿತು. ಚುರುಕಾಗಿ ಕಲಿತವಳೇನೂ ಅಲ್ಲ. ಕಲಿಕೆ ನಿಧಾನವಾದಷ್ಟೂ ವೆಚ್ಚ ಹೆಚ್ಚುವ ವಿದ್ಯೆ ಇದು. ಆದರೂ ಬಿಡದೆ, ಕೈಗೆ ಎಣ್ಣೆ ಮೆತ್ತಿಕೊಂಡು ಎಂಜಿನು ಬಿಚ್ಚಿ ಜೋಡಿಸುವುದನ್ನೂ ಕಲಿತು ಅದರ ಪರೀಕ್ಷೆಯಲ್ಲಿ ತೇರ್ಗಡೆಯಾದಳು. ಆಸ್ಟ್ರೇಲಿಯಕ್ಕೆ ಹೊರಡಲು ಕೊಂಡ ಹಳೆಯ ಜಿಪ್ಸಿ ಮಾತಿನ ಬೆಲೆ 600 ಪೌಂಡು. ಅದನ್ನು ಮೀನು ವ್ಯಾಪಾರಿಯಾದ ಆಕೆಯ ತಂದೆಯೂ ಎಣ್ಣೆಯ ಉದ್ಯಮಿ ವೇಕ್‌ಫೀಲ್ಡ್ ಪ್ರಭುಗಳೂ ಹಂಚಿಕೊಂಡರು.

1930ರ ಮೇ 5ರಂದು ಹೊರಟ ಆಕೆ ಕರಾಚಿ, ಝಾನ್ಸಿ, ಕಲ್ಕತ್ತೆಗಳನ್ನು ಹಾದು ಬರ್ಮಾ ಮುಟ್ಟಿದಳು. ಅಲ್ಲಿ ಇನ್‌ಸೇನಿನ ತಾಂತ್ರಿಕ ವಿದ್ಯಾಲಯದ ಆಟದ ಬಯಲಿನಲ್ಲಿ ಇಳಿಯುವಾಗ ವಿಮಾನ ಹಳ್ಳಕ್ಕೆ ನುಗ್ಗಿ ರೆಕ್ಕೆ ಮುರಿಯಿತು. ಆ ವಿದ್ಯಾಲಯದವರೇ ನಿಂತು ಅದನ್ನು ಸರಿಪಡಿಸಿಕೊಟ್ಟರು. ಮೇ 24ರಂದು ಆಕೆ ಡಾರ್ವಿನ್ ಸೇರಿದಳು. ಇಂಗ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ ಒಬ್ಬಳೇ ಹಾರಿದ ಮೊದಲ ಹೆಂಗಸು ಆಕೆ.

ನಮ್ಮ ದೇಶದಲ್ಲಿಯೂ ಇದೇ ಕಾಲದಲ್ಲಿ ಹಾರಾಟದ ಸಂಘಗಳು ಹುಟ್ಟಿದವು. 1929ರ ಫೆಬ್ರವರಿ 10ರಂದು ಜೆ. ಆರ್. ಡಿ. ತಾತಾ ಅವರಿಗೆ ಇಲ್ಲಿನ 1ನೆಯ ಸಂಖ್ಯೆಯ ಅನುಮತಿ ಪತ್ರ ದೊರೆಯಿತು. ಮರುವರ್ಷ, ಇಂಗ್ಲೆಂಡು–ಭಾರತಗಳ ನಡುವೆ ಒಂಟಿಯಾಗಿ ಹಾರುವ ಮೊದಲ ಭಾರತೀಯನಿಗೆಂದು ಆಗಾ ಖಾನರು ಇಟ್ಟ 500 ಪೌಂಡಿನ ಬಹುಮಾನಕ್ಕೆ ಅವರೂ ಸ್ಪರ್ಧಿಸಿದರು. ದಾರಿಯಲ್ಲಿ, ಈಜಿಪ್ಟಿನ ಅಬೂಕಿರಿನಲ್ಲಿ, ಎದುರಿನಿಂದ ಬಂದಿದ್ದ ಹದಿನೇಳರ ಆಸ್ಪಿ ಎಂಜಿನಿಯರ್ ಸ್ಪಾರ್ಕ್ ಪ್ಲಗ್ಗುಗಳಿಲ್ಲದೆ ನಿಂತಿದ್ದರು. ತಾತಾ ತಮ್ಮಲ್ಲಿದ್ದವುಗಳಲ್ಲಿ ಕೆಲವನ್ನು ಪ್ರತಿಸ್ಪರ್ಧಿಗೇ ಕೊಟ್ಟರು. ಬಹುಮಾನ ಆಸ್ಪಿಗೆ ಹೋಯಿತು. 1960ರಲ್ಲಿ ಆ ತರುಣರೇ ಭಾರತೀಯ ವಾಯುಪಡೆಯ ಮುಖ್ಯಸ್ಥರಾದರು.

ಇನ್ನು ನಮ್ಮ ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ. ಹಾರಾಟದ ಸಂಘಗಳಲ್ಲಿ ಕಲಿಯುವವರಿಗಾಗಿ ಇಬ್ಬರು ಕೂರುವ ಹಗುರ ವಿಮಾನವನ್ನು ಅಲ್ಲಿ ರೂಪಿಸಿದರು. 1958ರಲ್ಲಿ ಅದು ಮೊದಲ ಬಾರಿಗೆ ಹಾರಿತು. ಅದಕ್ಕಿಟ್ಟ ಹೆಸರೇ ಪುಷ್ಪಕ! ಕುಬೇರನ ವಾಹನ ಸಂಘದ ಸೊತ್ತಾಯಿತು.

ಇಷ್ಟಾದರೂ ಖರ್ಚು ಇಳಿದಿದೆಯೆಂದು ಹುಡುಗನಿಗೆ ಸುಳ್ಳು ಹೇಳಲಾರೆ. ವೃತ್ತಿಗಾಗಿ ವಿಮಾನ ನಡೆಸಲು ಇಂದು ನಮ್ಮಲ್ಲಿ 200 ಗಂಟೆಗಳ ಹಾರಾಟ ಬೇಕು. ಅದರ ವೆಚ್ಚ ಲಕ್ಷಗಳಲ್ಲಿದೆ. ಅನುಕೂಲಸ್ಥ ತಂದೆಯಿದ್ದ ಏಮಿಗೂ ಸರ್ಕಾರ, ಸಂಘ, ದಾನಿ, ಕೊನೆಗೆ ಗುರುತಿಲ್ಲದ ಊರಿನ ವಿದ್ಯಾರ್ಥಿಗಳು ಎಲ್ಲರೂ ಬೇಕಾದರು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆ ಇದೆಯಲ್ಲವೆ? ನಮ್ಮ ಊರುಗಳಲ್ಲಿ ಇಂಥ ಹುಡುಗರಿಗೆ ಆ ಕಡ್ಡಿಗಳನ್ನು ಕೂಡಿಸುವವರಾರು? ತಾವೂ ಆಲೋಚಿಸಬೇಕು.

ಮಾರನೆಯ ದಿನ ಹುಡುಗನನ್ನು ಕರೆದು ಈ ಕಥೆಯನ್ನೆಲ್ಲ ಹೇಳಿದೆ. ಕೊನೆಯವರೆಗೂ ಕೇಳಿ ಅವನು ಒಂದೇ ಪ್ರಶ್ನೆ ಹಾಕಿದನು: “ಎಂಜಿನ್ನು ಬಿಚ್ಚೋದು ಎಲ್ಲಿ ಹೇಳಿಕೊಡ್ತಾರೆ, ಸಾರ್?”