‘ಬಾರ್’ ಜತೆ ‘ರೆಸ್ಟೋರೆಂಟ್’ ಸೇರಿದ್ದು ಹೇಗೆ?

ರಾಜ್ಯದ ಯಾವ ಪಟ್ಟಣಕ್ಕೆ ಹೋದರೂ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಒಂದು ಫಲಕ ಕಣ್ಣಿಗೆ ಬೀಳುತ್ತದೆ: ‘ಬಾರ್ ಅಂಡ್ ರೆಸ್ಟೋರೆಂಟ್’. ಕುಡಿಯುವ ಜಾಗಕ್ಕೆ ಊಟದ ಹೆಸರೇಕೆ ಅಂಟಿಕೊಂಡಿತು? ಇದು ಮಾಲೀಕರ ಶೋಕಿಯಷ್ಟೇ ಅಲ್ಲ, ಅಬಕಾರಿ ನಿಯಮದ ಫಲ.

ಹಳೆಯ ಮೈಸೂರು ಸೀಮೆಯಲ್ಲಿ ಊಟ ಮತ್ತು ಕುಡಿತ ಸಾಮಾನ್ಯವಾಗಿ ಬೇರೆ ಬೇರೆ ಸೂರಿನಡಿ ಇದ್ದವು. ಉಡುಪಿ ಹೋಟೆಲಿನಲ್ಲಿ ಇಡ್ಲಿ, ದೋಸೆ. ಮಿಲಿಟರಿ ಹೋಟೆಲಿನಲ್ಲಿ ಮುದ್ದೆ, ಮಾಂಸದ ಸಾರು. ಕುಡಿಯುವವರ ದಾರಿ ಹೆಂಡದಂಗಡಿಗೆ. ಅಲ್ಲಿ ಈಚಲು ಮರದ ಹೆಂಡವೇ ಮುಖ್ಯ. ತಿನ್ನುವುದೆಂದರೆ ನಂಚಿಕೊಳ್ಳುವಷ್ಟು ಮಾತ್ರ. ಜಿ.ಪಿ. ರಾಜರತ್ನಂ ಅವರ ಕುಡುಕ ರತ್ನ ಕನ್ನಡಿಗರ ಮನೆಮಾತಾದದ್ದು ಈ ಲೋಕದಿಂದಲೇ.

ಸ್ವಾತಂತ್ರ್ಯ ಚಳವಳಿಗೆ ಈ ಮರವೇ ಗುರಿಯಾಯಿತು. 1939ರಲ್ಲಿ ಚಿತ್ರದುರ್ಗ ಜಿಲ್ಲೆಯ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಈಚಲು ಮರಗಳನ್ನು ಕಡಿದರು. ಎಸ್. ನಿಜಲಿಂಗಪ್ಪ ಜೈಲು ಸೇರಿದರು. ಸ್ವಾತಂತ್ರ್ಯಾನಂತರ ಪಾನನಿರೋಧವೂ ಬಂತು. ವಿಪರ್ಯಾಸವೆಂದರೆ, 1967ರಲ್ಲಿ ಅದನ್ನು ಕೈಬಿಟ್ಟಾಗ ಮುಖ್ಯಮಂತ್ರಿಯಾಗಿದ್ದವರು ಅದೇ ನಿಜಲಿಂಗಪ್ಪ.

ಮರುವರ್ಷ, ಅಂದರೆ 1968ರಲ್ಲಿ ಬಂದ ಅಬಕಾರಿ ನಿಯಮಗಳು ಸನ್ನದುಗಳನ್ನು ವಿಂಗಡಿಸಿದವು. ‘ಸಿಎಲ್–2’ ಚಿಲ್ಲರೆ ಅಂಗಡಿಗೆ. ಬಾಟಲಿ ಕೊಂಡು ಹೊರಡಬೇಕು. ‘ಸಿಎಲ್–9’ ಬಾರಿಗೆ, ಊಟ ಅಥವಾ ತಿನಿಸಿನೊಂದಿಗೆ ಮದ್ಯ ಬಡಿಸಬೇಕು. ಹೀಗೆ ಲೋಟದ ಪಕ್ಕಕ್ಕೆ ತಟ್ಟೆ ಬಂತು, ಕೂರಲು ಕುರ್ಚಿಯೂ ಬಂತು.

ಇಂಗ್ಲೆಂಡಿನಲ್ಲಿ ತಟ್ಟೆ ಬಂದ ದಾರಿ ಬೇರೆ. ಅಲ್ಲಿನ ಸರ್ಕಾರ 1989ರಲ್ಲಿ ದೊಡ್ಡ ಬಿಯರ್ ಕಂಪನಿಗಳ ಪಬ್ ಹಿಡಿತವನ್ನು ಸಡಿಲಿಸಿತು. ಕಂಪನಿಗಳು ಬಿಟ್ಟುಕೊಟ್ಟ ಪಬ್‌ಗಳು ಹೊಸಬರ ಕೈಗೆ ಬಂದವು. 1991ರಲ್ಲಿ ಡೇವಿಡ್ ಐರ್ ಮತ್ತು ಮೈಕ್ ಬೆಲ್ಬೆನ್ ಲಂಡನ್ನಿನ ‘ದಿ ಈಗಲ್’ ಪಬ್ಬನ್ನು ವಹಿಸಿಕೊಂಡು, ಬಿಯರ್ ಜತೆ ಒಳ್ಳೆಯ ಅಡುಗೆ ಬಡಿಸತೊಡಗಿದರು. ‘ಗ್ಯಾಸ್ಟ್ರೋಪಬ್’ ಎಂಬ ಮಾತು ಹುಟ್ಟಿದ್ದು ಅದರಿಂದಲೇ. ಅದೇ ಜಾಡಿನಲ್ಲಿ ಬೆಂಗಳೂರಿನ ಇಂದಿರಾನಗರದಲ್ಲಿ 2010ರಲ್ಲಿ ‘ಟಾಯ್ಟ್’ ಶುರುವಾಯಿತು. ಬಿಯರ್ ತಯಾರಿಯೂ ಅಡುಗೆಯೂ ಅಲ್ಲಿ ಒಂದೇ ಸೂರಿನಡಿ.

ಆದರೆ ಹಳ್ಳಿಯ ಕಥೆ ಇದಕ್ಕೆ ತಿರುವುಮುರುವು. 2004ರಲ್ಲಿ ರಾಜ್ಯದ ಬಹುಭಾಗದಲ್ಲಿ ಹೆಂಡ ನಿಂತಿತು; 2007ರ ಜುಲೈ 1ರಿಂದ ಸಾರಾಯಿಯೂ ನಿಷೇಧವಾಯಿತು. ಸಂಸಾರ ಉಳಿಸಿಕೊಳ್ಳಲು ಸಾರಾಯಿ ವಿರುದ್ಧ ಬೀದಿಗಿಳಿದಿದ್ದ ಹೆಂಗಸರು ನಿಟ್ಟುಸಿರುಬಿಟ್ಟರು. ಆದರೆ ಕುಡಿತ ನಿಲ್ಲಲಿಲ್ಲ, ಅಗ್ಗದ ವಿಸ್ಕಿ, ರಮ್ಮಿಗೆ ತಿರುಗಿತು. ನಂಜನಗೂಡಿನ ತಾಂಡ್ಯ ಕೈಗಾರಿಕಾ ಪ್ರದೇಶದಲ್ಲಿ ಯುನೈಟೆಡ್ ಬ್ರೂವರೀಸ್‌ನ ದೊಡ್ಡ ಬಿಯರ್ ಕಾರ್ಖಾನೆಯೇ ಇದೆ. ಅದೇ ತಾಲ್ಲೂಕಿನ ಹುಲ್ಲಹಳ್ಳಿ ಸುತ್ತಿನ ಕೂಲಿಕಾರನಿಗೆ ಬಾರಿನ ಊಟ ದುಬಾರಿ. ಚಿಲ್ಲರೆ ಅಂಗಡಿಯಲ್ಲಿ ಕೊಂಡವನು ಅಲ್ಲಿ ಕೂತು ಕುಡಿಯುವಂತಿಲ್ಲ. ಅವನಿಗೆ ಉಳಿಯುವುದು ಕಾಲುವೆ ಏರಿ, ಹೊಲದ ಬದು, ಹೊಟ್ಟೆಯೂ ಖಾಲಿ.

ಕುಡಿತವನ್ನು ಊಟಕ್ಕೆ ಕಟ್ಟಿಹಾಕಿದರೆ ಅದು ಮಿತಿಯಲ್ಲಿರುತ್ತದೆ ಎಂಬುದು ಹಳೆಯ ನಂಬಿಕೆ. ಆ ತಟ್ಟೆ ಇಂದಿಗೂ ಸಿಗುವುದು ಅದರ ಬೆಲೆ ತೆರಬಲ್ಲವರಿಗೆ ಮಾತ್ರ. ಉಳಿದವರ ಊಟ ಮನೆಯಲ್ಲಿ ಆರುತ್ತಿರುತ್ತದೆ.