ಗಣಕಯಂತ್ರದ ಹಾರ್ಡ್ ಡಿಸ್ಕ್ ಬದಲಾವಣೆ ಮತ್ತು ಕಡತಗಳ ಮರುಜೋಡಣೆ: ಅರ್ಜಿದಾರರಿಗೆ ಮಾಹಿತಿ

ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸುವ ಅನೇಕ ನಾಗರಿಕರು ಜಾತಿ, ಆದಾಯ ಪ್ರಮಾಣ ಪತ್ರ, ಪಹಣಿ, ಅಂಕಪಟ್ಟಿ ಮುಂತಾದವುಗಳನ್ನು ಮನೆಯ ಗಣಕಯಂತ್ರದಲ್ಲಿಯೇ ಇರಿಸಿಕೊಂಡಿರುತ್ತಾರೆ. ಅರ್ಜಿಯ ಕೊನೆಯ ದಿನದಂದೇ ಹಾರ್ಡ್ ಡಿಸ್ಕ್ ಕೆಟ್ಟಲ್ಲಿ ಅರ್ಹರಿಗೂ ಸೌಲಭ್ಯ ಕೈತಪ್ಪಬಹುದು. ಆದುದರಿಂದ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಬದಲಾವಣೆ ಯಾವಾಗ ಅವಶ್ಯ?

ಹಾರ್ಡ್ ಡಿಸ್ಕ್‌ನ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಚಲಿಸುವ ಭಾಗಗಳಿರುವುದರಿಂದ ಸವೆತ ಸಹಜ. ಟಿಕ್ ಟಿಕ್ ಶಬ್ದ, ಕಡತ ತೆರೆಯಲು ಅತಿಯಾದ ವಿಳಂಬ, ಆರಂಭದಲ್ಲಿಯೇ ‘ಸ್ಮಾರ್ಟ್’ ಎಚ್ಚರಿಕೆ ಇವು ಮುನ್ಸೂಚನೆಗಳು. ಇವು ಕಂಡುಬಂದಲ್ಲಿ ದುರಸ್ತಿಗೆ ಮುನ್ನ ಕಡತಗಳನ್ನು ಬೇರೆಡೆಗೆ ನಕಲು ಮಾಡಿಕೊಳ್ಳತಕ್ಕದ್ದು.

2. ಆಯ್ಕೆ

(ಅ) ಸಾಟಾ ಸಂಪರ್ಕವಿರುವ ಗಣಕಯಂತ್ರಕ್ಕೆ 2.5 ಇಂಚಿನ ಎಸ್‌ಎಸ್‌ಡಿ ಸೂಕ್ತ. ಇದರಲ್ಲಿ ಚಲಿಸುವ ಭಾಗಗಳಿಲ್ಲ. ವೇಗ ಸೆಕೆಂಡಿಗೆ ಗರಿಷ್ಠ ಸುಮಾರು 550 ಎಂ.ಬಿ.

(ಆ) ಎನ್‌ವಿಎಂಇ ಮಾದರಿಯು ಇನ್ನೂ ವೇಗದ್ದು. ಆದರೆ ಮದರ್‌ಬೋರ್ಡ್‌ನಲ್ಲಿ ತಕ್ಕ ಎಂ.2 ಕಿಂಡಿ ಇರಬೇಕು. ಕೆಲವು ಮದರ್‌ಬೋರ್ಡ್‌ಗಳಲ್ಲಿ ಈ ಕಿಂಡಿ ಬಳಸಿದರೆ ಒಂದು ಸಾಟಾ ಸಂಪರ್ಕ ನಿಷ್ಕ್ರಿಯವಾಗುತ್ತದೆ, ಕೈಪಿಡಿ ಪರಿಶೀಲಿಸುವುದು.

(ಇ) 1 ಟಿ.ಬಿ. ಡಿಸ್ಕ್ ವಿಂಡೋಸ್‌ನಲ್ಲಿ 931 ಜಿ.ಬಿ. ಎಂದು ತೋರುವುದು ದೋಷವಲ್ಲ. ತಯಾರಕರು 1000ರ ಗುಣಕದಲ್ಲಿಯೂ, ವಿಂಡೋಸ್ 1024ರ ಗುಣಕದಲ್ಲಿಯೂ ಲೆಕ್ಕ ಹಾಕುವುದೇ ಕಾರಣ.

3. ಕಳಚುವ ಮುನ್ನ

(ಅ) ಕಡತಗಳನ್ನು ಹೊರ ಡಿಸ್ಕ್‌ಗೆ ನಕಲು ಮಾಡಿ, ಕೆಲವನ್ನು ತೆರೆದು ನೋಡತಕ್ಕದ್ದು. ಅದೇ ಡಿಸ್ಕ್‌ನ ‘ಡಿ’ ವಿಭಾಗದಲ್ಲಿರುವ ಪ್ರತಿಯು ಸುರಕ್ಷಿತ ಪ್ರತಿಯಲ್ಲ. ಡಿಸ್ಕ್ ಕೆಟ್ಟರೆ ಎರಡೂ ಹೋಗುತ್ತವೆ.

(ಆ) ಡಿಜಿಟಲ್ ಸಹಿಯುಳ್ಳ ಪಿಡಿಎಫ್ ಪ್ರಮಾಣ ಪತ್ರಗಳನ್ನು ಮೂಲ ಕಡತವಾಗಿಯೇ ಉಳಿಸಿಕೊಳ್ಳುವುದು. ಮುದ್ರಿಸಿ ಸ್ಕ್ಯಾನ್ ಮಾಡಿದ ಪ್ರತಿಯಲ್ಲಿ ಸಹಿಯನ್ನು ಗಣಕದಲ್ಲಿ ಪರಿಶೀಲಿಸಲಾಗದು.

(ಇ) ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಬೆರಳಚ್ಚಾದ ಹಳೆಯ ಪತ್ರಗಳಿದ್ದಲ್ಲಿ ಆಯಾ ಫಾಂಟ್‌ಗಳನ್ನೂ ನಕಲು ಮಾಡುವುದು. ಇಲ್ಲವಾದಲ್ಲಿ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ.

(ಈ) ಬಿಟ್‌ಲಾಕರ್ ಚಾಲ್ತಿಯಲ್ಲಿದ್ದಲ್ಲಿ 48 ಅಂಕಿಗಳ ರಿಕವರಿ ಕೀಲಿಯನ್ನು ಕಾಗದದಲ್ಲಿ ಬರೆದಿಡತಕ್ಕದ್ದು.

4. ಅಳವಡಿಸುವ ಕ್ರಮ

(ಅ) ವಿದ್ಯುತ್ ತಂತಿ ಕಳಚಿ, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ, ಪೆಟ್ಟಿಗೆಯ ಲೋಹದ ಭಾಗವನ್ನು ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ತನ್ನು ನಿವಾರಿಸಿಕೊಳ್ಳುವುದು.

(ಆ) ಸಾಟಾ ದತ್ತಾಂಶ ತಂತಿಗೆ 7, ವಿದ್ಯುತ್ ತಂತಿಗೆ 15 ಸಂಪರ್ಕಗಳಿರುತ್ತವೆ. ಇವು ಒಂದೇ ದಿಕ್ಕಿನಲ್ಲಿ ಕೂರುತ್ತವೆ, ಬಲಪ್ರಯೋಗ ಸಲ್ಲದು.

(ಇ) ಕ್ಲೋನ್ ಮಾಡುವಾಗ ಮೂಲ ಡಿಸ್ಕ್ ಯಾವುದು, ಗುರಿ ಡಿಸ್ಕ್ ಯಾವುದು ಎಂಬುದನ್ನು ಮಾದರಿ ಸಂಖ್ಯೆ ಹಾಗೂ ಗಾತ್ರದಿಂದ ಖಚಿತಪಡಿಸಿಕೊಳ್ಳತಕ್ಕದ್ದು. ಇವೆರಡು ಅದಲುಬದಲಾದರೆ ಖಾಲಿ ಡಿಸ್ಕ್‌ನ ಪ್ರತಿ ದಾಖಲೆಗಳ ಮೇಲೆ ಬರೆಯಲ್ಪಡುತ್ತದೆ.

(ಈ) ಮೊದಲ ಬಾರಿ ಹಳೆಯ ಡಿಸ್ಕ್ ಕಳಚಿಟ್ಟು ಹೊಸದರಿಂದಲೇ ಗಣಕಯಂತ್ರ ಆರಂಭಿಸಿ ನೋಡುವುದು. ನಂತರ ಹಳೆಯದನ್ನು ಜೋಡಿಸಿ, ಬಯೋಸ್‌ನಲ್ಲಿ ಹೊಸ ಡಿಸ್ಕ್‌ಗೆ ಆದ್ಯತೆ ನೀಡುವುದು.

(ಉ) ವಿಂಡೋಸ್ ಹಾಗೂ ತಂತ್ರಾಂಶಗಳು ಎಸ್‌ಎಸ್‌ಡಿಯಲ್ಲಿಯೂ, ಛಾಯಾಚಿತ್ರ ಮುಂತಾದ ದೊಡ್ಡ ಕಡತಗಳು ಹಳೆಯ ಡಿಸ್ಕ್ ಸುಸ್ಥಿತಿಯಲ್ಲಿದ್ದಲ್ಲಿ ಅದರಲ್ಲಿಯೂ ಇರುವುದು ಅನುಕೂಲ. 2 ಟಿ.ಬಿ.ಗಿಂತ ದೊಡ್ಡ ಡಿಸ್ಕ್‌ಗೆ ಜಿಪಿಟಿ ವಿಭಜನೆ ಆಯ್ದುಕೊಳ್ಳುವುದು.

(ಊ) ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 14-10-2025ರಂದು ಕೊನೆಗೊಂಡಿರುತ್ತದೆ. ಹೊಸದಾಗಿ ಸ್ಥಾಪಿಸುವವರು ಇದನ್ನು ಗಮನಿಸುವುದು.

5. ಹಳೆಯ ಡಿಸ್ಕ್ ವಿಲೇವಾರಿ

ಎಲ್ಲ ದಾಖಲೆಗಳೂ ಹೊಸ ಡಿಸ್ಕ್‌ನಲ್ಲಿ ತೆರೆಯುತ್ತವೆಂದು ಖಚಿತವಾಗುವವರೆಗೆ ಹಳೆಯದನ್ನು ಅಳಿಸಬಾರದು. ಡಿಲೀಟ್ ಅಥವಾ ಕ್ವಿಕ್ ಫಾರ್ಮ್ಯಾಟ್ ಮಾಡಿದ ಮಾತ್ರಕ್ಕೆ ಮಾಹಿತಿ ಅಳಿಯುವುದಿಲ್ಲ. ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಪುಸ್ತಕ, ಸಹಿಯ ಚಿತ್ರ ಇವು ಅನ್ಯರ ಕೈಸೇರಿ ದುರ್ಬಳಕೆಯಾಗಬಹುದು. ಹಾರ್ಡ್ ಡಿಸ್ಕ್ ಆದಲ್ಲಿ ಪೂರ್ಣವಾಗಿ ಮರುಬರೆದು, ಎಸ್‌ಎಸ್‌ಡಿ ಆದಲ್ಲಿ ತಯಾರಕರ ಸುರಕ್ಷಿತ ಅಳಿಸುವಿಕೆ ತಂತ್ರಾಂಶ ಬಳಸಿ, ತದನಂತರವೇ ವಿಲೇವಾರಿ ಮಾಡತಕ್ಕದ್ದು. ದಿನಾಂಕ 01-04-2023ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022ರ ಆಶಯದಂತೆ ಇದನ್ನು ಮನೆಯ ಕಸದೊಡನೆ ಸೇರಿಸದೆ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸುವುದು.

ವಿಶೇಷ ಸೂಚನೆ: ಅರ್ಜಿಯ ಕೊನೆಯ ದಿನಾಂಕ ಸಮೀಪವಿರುವಾಗ ಈ ಕಾರ್ಯ ಕೈಗೊಳ್ಳದೆ, ಅರ್ಜಿ ಸಲ್ಲಿಸಿ ಸ್ವೀಕೃತಿಯನ್ನು ಮುದ್ರಿಸಿಕೊಂಡ ನಂತರವೇ ಕೈಗೊಳ್ಳಲು ಕೋರಲಾಗಿದೆ.