ಕಸವು ರಸವಾದ ಬಗೆ

ಸಾಬೂನಿಗೂ ಗಾಜಿಗೂ ಬೇಕಾದ ಸೋಡಾವನ್ನು ಅಡಿಗೆಯ ಉಪ್ಪಿನಿಂದ ಪಡೆಯುವ ವಿಧಾನಕ್ಕೆ ಫ್ರಾನ್ಸಿನ ನಿಕೊಲಾ ಲೆಬ್ಲಾನನು 1791ರಲ್ಲಿ ಸನ್ನದು ಪಡೆದನು. ಇಂಗ್ಲೆಂಡಿನಲ್ಲಿ ಈ ಕೈಗಾರಿಕೆಯು ಬೆಳೆದಂತೆಲ್ಲ ಅದರ ಅನಿಷ್ಟವೂ ಬೆಳೆಯಿತು. ಉಪ್ಪಿಗೆ ಗಂಧಕಾಮ್ಲವನ್ನು ಬೆರಸಿ ಕಾಯಿಸಿದಾಗ ಹೊರಡುವ ಹೈಡ್ರೊಕ್ಲೋರಿಕ್ ಆಮ್ಲದ ಹೊಗೆಯು ಸುತ್ತಣ ಪೈರನ್ನೂ ಮರಗಳನ್ನೂ ಸುಟ್ಟಿತು.

1836ರಲ್ಲಿ ವಿಲಿಯಂ ಗಾಸೇಜನು ಆ ಹೊಗೆಯನ್ನು ಗೋಪುರವೊಂದರಲ್ಲಿ ಹಾಯಿಸಿ, ಮೇಲಿನಿಂದ ನೀರಿಳಿಸಿ, ಆಮ್ಲವನ್ನು ಹಿಡಿದನು. ಕೊಳ್ಳುವವರು ಸಾಲದೆ ಅದರಲ್ಲಿ ಬಹುಪಾಲು ಹಳ್ಳಹೊಳೆಗಳಿಗೆ ಹರಿಯಿತು. ಗಾಳಿಯ ಕೇಡು ನೀರಿಗೆ ತಗುಲಿತು. 1863ರ ಶಾಸನವು ಈ ಹೊಗೆಯಲ್ಲಿ ನೂರಕ್ಕೆ 95 ಪಾಲನ್ನು ಹಿಡಿಯಲೇಬೇಕೆಂದು ವಿಧಿಸಲು, ಕಾರ್ಖಾನೆಗಳಲ್ಲಿ ಆಮ್ಲವು ಇನ್ನೂ ಹೆಚ್ಚಿತು.

ಆ ದಶಕದಲ್ಲಿಯೇ ವಾಲ್ಟರ್ ವೆಲ್ಡನ್, ಹೆನ್ರಿ ಡೀಕನ್ ಎಂಬವರು ಆಮ್ಲದಿಂದ ಅಗ್ಗವಾಗಿ ಕ್ಲೋರಿನ್ ಅನಿಲವನ್ನು ತೆಗೆಯುವ ಮಾರ್ಗಗಳನ್ನು ರೂಪಿಸಿದರು. ಆ ಅನಿಲವನ್ನು ಸುಣ್ಣಕ್ಕೆ ಹೀರಿಸಿದ ಚಲುವೆಪುಡಿಯು ಬಟ್ಟೆಯನ್ನೂ ಕಾಗದವನ್ನೂ ಬಿಳುಪು ಮಾಡಲು ಮಾರಾಟವಾಯಿತು. ಮುಂದೆ ಬೆಲ್ಜಿಯಮ್ಮಿನ ಅರ್ನೆಸ್ಟ್ ಸಾಲ್ವೆಯ ವಿಧಾನದಿಂದ ಸೋಡಾ ಅಗ್ಗವಾದಾಗ, ಹಳೆಯ ಕಾರ್ಖಾನೆಗಳನ್ನು ಎಷ್ಟೋ ವರ್ಷ ಬದುಕಿಸಿದುದು ಒಂದು ಕಾಲಕ್ಕೆ ಹೊರಚೆಲ್ಲಿದ ಆ ಆಮ್ಲವೇ.

ಹಿಡಿಯೆಂದುದು ಶಾಸನ, ಬಳಸುವ ಬಗೆಯನ್ನು ತೋರಿದುದು ವಿದ್ಯೆ. ಎರಡೂ ಕೂಡಿದ ಮೇಲೆಯೇ ಕಸವು ರಸವಾಯಿತು.